ಖಾತರಿಯ ಬಲ ಮತ್ತು ನ್ಯಾಸಾಪಹಾರದ ಪ್ರಶ್ನೆ

ವ್ಯಾಪಾರಿಯು ಗಿರಾಕಿಗೆ ಕೊಡುವ ಖಾತರಿಯನ್ನು ಕುರಿತು ಇಂಗ್ಲಿಷಿನಲ್ಲಿ ಬಂದಿರುವ ಬರಹಗಳಲ್ಲಿ ಇಂದಿಗೂ ಪದೇಪದೇ ಉಲ್ಲೇಖಗೊಳ್ಳುವುದು ಕ್ರಿಸ್ಟೋಫರ್ ಹಾರ್ಟ್ ಅವರು 1988ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಲೇಖನ. ‘ನಿಬಂಧನೆಯಿಲ್ಲದ ಸೇವಾ ಖಾತರಿಗಳ ಶಕ್ತಿ’ ಎಂದು ಅದರ ಶೀರ್ಷಿಕೆಯನ್ನು ಕನ್ನಡಿಸಬಹುದು. ವ್ಯಾಪಾರಾಡಳಿತವನ್ನು ಓದಿ ಬಂದ ನಮ್ಮ ತರುಣರು ತಂದೆಯ ಅಂಗಡಿಯಲ್ಲಿ ಕುಳಿತಾಗ ಹೇಳುವ ಮಾತುಗಳಲ್ಲಿ ಎಷ್ಟೋ ಮಾತುಗಳು ಅವರಿಗೆ ತಿಳಿಯದೆಯೇ ಆ ಲೇಖನದಿಂದ ಬಂದವುಗಳಾಗಿವೆ. ಕರ್ನಾಟಕದ ಜೈನರೆಲ್ಲರೂ ವರ್ತಕರೇನೂ ಅಲ್ಲ. ಬೆಳಗಾವಿಯ ಕಡೆ ನೇಗಿಲು ಹಿಡಿದವರೇ ಬಹಳ. ಆದರೂ ಕೊಡುಕೊಳ್ಳುವ ವ್ಯವಹಾರದಲ್ಲಿ ಮಾತು ಕೊಡದ ಮನೆ ನಮ್ಮಲ್ಲಿ ಯಾವುದೂ ಇರಲಾರದು. ಆದುದರಿಂದ ಈ ಸಿದ್ಧಾಂತವನ್ನು ನಮ್ಮ ದೃಷ್ಟಿಯಿಂದ ಒಮ್ಮೆ ಪರಿಶೀಲಿಸುವುದು ಅನುಚಿತವಾಗದೆಂದು ಭಾವಿಸಿದ್ದೇನೆ.

ಹಾರ್ಟ್ ಅವರ ವಾದ ಹೀಗಿದೆ. ಸಾಮಾನ್ಯವಾಗಿ ಖಾತರಿಯೆಂದರೆ ಮಾರಾಟಕ್ಕೆ ನೆರವಾಗುವ ಒಂದು ಜಾಹೀರಾತು ಎಂದು ತಿಳಿಯುತ್ತಾರೆ, ಅದು ತಪ್ಪು. ನಿಜವಾದ ಖಾತರಿಯು ಕೊಡುವವನನ್ನೇ ಕಟ್ಟಿಹಾಕುತ್ತದೆ. ಗಿರಾಕಿಗೆ ತೃಪ್ತಿಯಾಗದಿದ್ದರೆ ಪೂರ್ತಿ ಹಣ ಹಿಂದಿರುಗಿಸುತ್ತೇನೆ ಎಂದವನಿಗೆ ತನ್ನ ತಪ್ಪು ಎಲ್ಲಿ ಆಗುತ್ತಿದೆ ಎಂಬುದನ್ನು ಹುಡುಕದೆ ಗತಿಯಿಲ್ಲ. ಹಿಂದಿರುಗಿ ಬಂದ ಒಂದೊಂದು ವಸ್ತುವೂ ಒಂದು ವರದಿ; ಹಿಂದಿರುಗಿಸಿದ ಒಂದೊಂದು ರೂಪಾಯಿಯೂ ತಪ್ಪಿಗೆ ತೆತ್ತ ಬೆಲೆ. ಲೆಕ್ಕಪುಸ್ತಕದಲ್ಲಿ ಕಾಣದೆ ಅಡಗಿದ್ದ ಅಸಡ್ಡೆಯು ಅಲ್ಲಿ ಅಂಕಿಯಾಗಿ ಕಾಣಿಸಿಕೊಳ್ಳುತ್ತದೆ. ಹೀಗೆ ಖಾತರಿಯು ವ್ಯಾಪಾರವನ್ನು ಒಳಗಿನಿಂದ ತಿದ್ದುತ್ತದೆ, ತಿದ್ದಿದ ವ್ಯಾಪಾರ ಬಲಿಯುತ್ತದೆ. ಅಂಥ ಖಾತರಿಗೆ ನಿಬಂಧನೆಗಳಿರಬಾರದು, ಅದು ಸುಲಭವಾಗಿ ಅರ್ಥವಾಗಬೇಕು, ಗಿರಾಕಿಗೆ ಮುಖ್ಯವೆನಿಸುವ ಸಂಗತಿಯನ್ನೇ ಕುರಿತಿರಬೇಕು, ಕೇಳಲು ಸಂಕೋಚವಾಗಬಾರದು, ಕೇಳಿದೊಡನೆ ಸಲ್ಲಬೇಕು.

ಈ ಮಾತುಗಳಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ನಿಜ ಹೇಳುವುದಾದರೆ, ತನ್ನನ್ನು ತಾನೇ ಒಂದು ಮಾತಿಗೆ ಬಂಧಿಸಿಕೊಂಡು ಆ ಬಂಧನದಿಂದ ಶುದ್ಧನಾಗುವುದು ಎಂಬ ಕಲ್ಪನೆ ಅಣುವ್ರತಗಳನ್ನು ಬಲ್ಲ ಸಮಾಜಕ್ಕೆ ಹೊಸದಲ್ಲ. ವ್ರತವೆಂದರೂ ಅದೇ ಅಲ್ಲವೇ. ‘ಖಾತರಿ’ ಎಂಬ ಶಬ್ದವು ಇತ್ತೀಚೆಗೆ, ವಿಶೇಷವಾಗಿ 2023ರ ವಿಧಾನಸಭಾ ಚುನಾವಣೆಯ ತರುವಾಯ, ‘ಗ್ಯಾರಂಟಿ’ ಎಂಬ ವೇಷದಲ್ಲಿ ಎಲ್ಲರ ಬಾಯಲ್ಲಿಯೂ ಸವೆದುಹೋಗಿದೆ. ಆ ಶಬ್ದಕ್ಕೆ ಅದರ ತೂಕವನ್ನು ಮರಳಿ ಕೊಡುವ ಲೇಖನವೆಂದು ಇದನ್ನು ಮೆಚ್ಚಬೇಕು.

ಆದರೆ ಲೇಖಕರು ತಮ್ಮ ಸಿದ್ಧಾಂತಕ್ಕೆ ಮುಖ್ಯ ನಿದರ್ಶನವಾಗಿ ಆರಿಸಿಕೊಂಡ ಸಂಸ್ಥೆ ಯಾವುದು ಎಂಬುದನ್ನು ಓದುಗರು ಗಮನಿಸಬೇಕು. ಅದು ಅಮೆರಿಕೆಯ ಮಯಾಮಿ ನಗರದ ‘ಬಗ್ಸ್ ಬರ್ಗರ್ ಬಗ್ ಕಿಲ್ಲರ್ಸ್’. ಹೋಟೆಲು, ಉಪಾಹಾರಗೃಹಗಳಲ್ಲಿ ಜಿರಲೆ, ಇಲಿಗಳನ್ನು ಕೊಲ್ಲುವುದು ಅದರ ಕಸುಬು. ಇತರರು ‘ಹತೋಟಿಯಲ್ಲಿಡುತ್ತೇವೆ’ ಎಂದರೆ ಈ ಸಂಸ್ಥೆ ‘ನಿರ್ಮೂಲ ಮಾಡುತ್ತೇವೆ’ ಎನ್ನುತ್ತಿತ್ತು. ಒಂದು ಹುಳುವೂ ಉಳಿಯದಂತೆ ಆಗುವವರೆಗೆ ಬಿಡಿಗಾಸೂ ಕೊಡಬೇಕಾಗಿರಲಿಲ್ಲ. ತೃಪ್ತಿಯಾಗದಿದ್ದರೆ ಹನ್ನೆರಡು ತಿಂಗಳವರೆಗಿನ ಹಣವನ್ನು ಹಿಂದಿರುಗಿಸಿ, ಮುಂದಿನ ವರ್ಷಕ್ಕೆ ಬೇರೊಬ್ಬರನ್ನು ನೇಮಿಸಿಕೊಳ್ಳುವ ವೆಚ್ಚವನ್ನೂ ತಾನೇ ಕೊಡುತ್ತಿತ್ತು. ಊಟಕ್ಕೆ ಕುಳಿತವರು ಹುಳುವನ್ನು ಕಂಡರೆ ಅವರ ಊಟದ ಹಣ ಕೊಟ್ಟು, ಕ್ಷಮಾಪಣೆಯ ಪತ್ರ ಕಳುಹಿಸಿ, ಮತ್ತೊಂದು ಊಟಕ್ಕೂ ಹಣ ಕೊಡುತ್ತಿತ್ತು. ಹುಳುಗಳ ಕಾರಣದಿಂದ ಸರ್ಕಾರ ಹೋಟೆಲನ್ನು ಮುಚ್ಚಿಸಿದರೆ ದಂಡ, ಲಾಭನಷ್ಟ, ಮೇಲೆ 5,000 ಡಾಲರು. ಈ ಖಾತರಿಯ ಬಲದಿಂದ ಅದು ಪ್ರತಿಸ್ಪರ್ಧಿಗಳಿಗಿಂತ ಹಲವು ಪಟ್ಟು ದರ ವಿಧಿಸಿ ಬೆಳೆಯಿತು.

ಸಂಕಲ್ಪೀಹಿಂಸೆಯನ್ನು ಗೃಹಸ್ಥನೂ ಬಿಡತಕ್ಕದ್ದೆಂದು ಬಗೆಯುವ ಜನರಿಗೆ ಈ ನಿದರ್ಶನ ಕಸಿವಿಸಿ ತರುವುದು ಸಹಜ. ಆದರೆ ಕಸಿವಿಸಿಗೊಂಡು ಪತ್ರಿಕೆಯನ್ನು ಮಡಿಸಿಟ್ಟರೆ ವಿಮರ್ಶೆಯಾಗುವುದಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಇಷ್ಟು ದೀರ್ಘವಾದ ಲೇಖನದಲ್ಲಿ, ಖಾತರಿಗೆ ಇಷ್ಟೆಲ್ಲ ಲಕ್ಷಣಗಳನ್ನು ಹೇಳಿದವರು, ಯಾವುದರ ಖಾತರಿ ಎಂಬ ಒಂದು ಪ್ರಶ್ನೆಯನ್ನು ಏಕೆ ಕೇಳಲಿಲ್ಲ? ಅವರ ಲಕ್ಷಣಗಳ ಪ್ರಕಾರ ಗಿರಾಕಿಗೆ ಮುಖ್ಯವೆನಿಸಿದುದೇ ಮುಖ್ಯ. ಖಾತರಿಯು ಹಗ್ಗವಿದ್ದಂತೆ, ಯಾವ ಗೂಟಕ್ಕೆ ಕಟ್ಟಿದರೆ ಅದನ್ನೇ ಎಳೆದು ಬಿಗಿಮಾಡುತ್ತದೆ. ಕೊಲ್ಲುವ ಕಸುಬಿಗೆ ಕಟ್ಟಿದರೆ ಕೊಲ್ಲುವುದರಲ್ಲಿ ನೈಪುಣ್ಯ ಹೆಚ್ಚುತ್ತದೆ, ಅಷ್ಟೆ. ಆ ಸಂಸ್ಥೆಯವರೇ ಹುಳು ಬಾರದ ಅಡಿಗೆಮನೆಯ ಖಾತರಿ ಕೊಟ್ಟಿದ್ದರೆ ಅವರ ಶ್ರಮವೆಲ್ಲ ಬಿರುಕು ಮುಚ್ಚುವುದರ ಕಡೆಗೆ, ಎಂಜಲು ಉಳಿಯದಂತೆ ನೋಡುವುದರ ಕಡೆಗೆ ಹರಿಯುತ್ತಿತ್ತು. ನಮ್ಮ ಹಿರಿಯರು ತಾಳೆಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಬಜೆಯ ಬೇರನ್ನು ಜೊತೆಗಿಟ್ಟು ಕಾಪಾಡಿದುದು ಈ ಎರಡನೆಯ ಬಗೆಯ ಖಾತರಿ. ಅದೂ ಯಾವಾಗಲೂ ಫಲಿಸಲಿಲ್ಲ ಎಂಬುದು ಮೂಡುಬಿದಿರೆಯ ಧವಲಾದಿ ಗ್ರಂಥಗಳ ಜೀರ್ಣವಾದ ಓಲೆಗಳ ಕಥೆಯನ್ನು ಕೇಳಿದವರಿಗೆಲ್ಲ ಗೊತ್ತು. ಗೊತ್ತಿದ್ದೂ ಹೇಳುತ್ತಿದ್ದೇನೆ.

ಎರಡನೆಯ ಆಕ್ಷೇಪವು ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಕುರಿತದ್ದು. ‘ನನ್ನನ್ನು ನಾನೇ ಕಟ್ಟಿಕೊಂಡೆ’ ಎಂದು ಯಜಮಾನ ಹೇಳುತ್ತಾನೆ, ಕಟ್ಟುಬಿದ್ದವನು ಆಳು. ಡೊಮಿನೋಸ್ ಪಿಜ್ಜಾ ಸಂಸ್ಥೆಯು ಅಮೆರಿಕೆಯಲ್ಲಿ ಮೂವತ್ತು ನಿಮಿಷಗಳಲ್ಲಿ ತಿಂಡಿ ಮನೆಗೆ ಮುಟ್ಟದಿದ್ದರೆ ಹಣ ಬೇಡವೆಂದು ಮಾತುಕೊಟ್ಟು ಬೆಳೆದದ್ದು ಪ್ರಸಿದ್ಧವಾಗಿದೆ. ಅನಂತರ ಅದು ಮೂರು ಡಾಲರ್ ರಿಯಾಯಿತಿಗೆ ಇಳಿಯಿತು. ನಿಮಿಷ ಎಣಿಸುತ್ತಿದ್ದವನು ಗಿರಾಕಿ. ಬೀದಿಯಲ್ಲಿ ಓಡುತ್ತಿದ್ದವರು ಅಲ್ಪವೇತನದ ಹುಡುಗರು. 1989ರಲ್ಲಿ ಸೇಂಟ್ ಲೂಯಿ ನಗರದಲ್ಲಿ ಅಂಥ ಒಬ್ಬ ಚಾಲಕನು ಕೆಂಪು ದೀಪವನ್ನು ದಾಟಿ ಒಬ್ಬ ಮಹಿಳೆಯ ವಾಹನಕ್ಕೆ ಢಿಕ್ಕಿ ಹೊಡೆದನು. 1993ರ ಡಿಸೆಂಬರಿನಲ್ಲಿ ನ್ಯಾಯದರ್ಶಿ ಮಂಡಲಿಯು ಸುಮಾರು 7.9 ಕೋಟಿ ಡಾಲರ್ ಪರಿಹಾರ ವಿಧಿಸಿತು. ಅದೇ ತಿಂಗಳು ಸಂಸ್ಥೆಯು ಅಲ್ಲಿ ಆ ಖಾತರಿಯನ್ನು ಕೈಬಿಟ್ಟಿತು. ಹಾರ್ಟ್ ಅವರ ಲಕ್ಷಣಗಳಲ್ಲಿ ಒಂದನ್ನೂ ಈ ಖಾತರಿ ಮೀರಿರಲಿಲ್ಲ. ಸರಳವಾಗಿತ್ತು, ಅರ್ಥವಾಗುತ್ತಿತ್ತು, ಕೇಳಿದೊಡನೆ ಸಲ್ಲುತ್ತಿತ್ತು. ದಾರಿಯಲ್ಲಿ ಹೋಗುವ ಮೂರನೆಯವನ ಜೀವಕ್ಕೆ ಆ ಲಕ್ಷಣಗಳಲ್ಲಿ ಸ್ಥಾನವಿರಲಿಲ್ಲ. ಇಂದು ನಮ್ಮ ನಗರಗಳಲ್ಲಿ ಬೆನ್ನಿಗೆ ಚೀಲ ಹೊತ್ತು ದ್ವಿಚಕ್ರದ ಮೇಲೆ ಧಾವಿಸುವ ತರುಣರನ್ನು ಕಂಡಾಗಲೆಲ್ಲ ಈ ಮೊಕದ್ದಮೆ ನನಗೆ ನೆನಪಾಗುತ್ತದೆ.

ಇನ್ನು ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಹುಳು ಕೊಲ್ಲುವ ಆ ಸಂಸ್ಥೆಯು 1986ರಲ್ಲಿ 3 ಕೋಟಿ 30 ಲಕ್ಷ ಡಾಲರುಗಳ ವಹಿವಾಟಿನಲ್ಲಿ ಖಾತರಿಯ ಬಾಬ್ತು ಕೊಟ್ಟದ್ದು ಕೇವಲ 1 ಲಕ್ಷ 20 ಸಾವಿರ ಡಾಲರು ಎಂದು ಹಾರ್ಟ್ ಬರೆಯುತ್ತಾರೆ. ಅಂದರೆ ನೂರು ಡಾಲರಿಗೆ ಅರ್ಧ ಡಾಲರೂ ಇಲ್ಲ. ಇದನ್ನು ಅವರು ಸೇವೆಯ ಉತ್ತಮಿಕೆಗೆ ಪ್ರಮಾಣವೆಂದು ಕೊಡುತ್ತಾರೆ. ಆ ಸಂಸ್ಥೆಯ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಈ ಅಂಕಿಯೊಂದೇ ಅದನ್ನು ಸಾಧಿಸಲಾರದು. ಹಿಂದಿರುಗಿ ಬಂದವರು ಕಡಮೆ ಎಂದಾಗ ಕಾರಣ ಎರಡಿರಬಹುದು: ದೋಷ ಕಡಮೆ ಇತ್ತು, ಅಥವಾ ದೋಷ ಕಂಡವರು ಸುಮ್ಮನಾದರು. ಅಸಮಾಧಾನಗೊಂಡವರಲ್ಲಿ ಅನೇಕರು ದೂರು ಹೇಳದೆ ಹೊರಟುಹೋಗುತ್ತಾರೆಂಬುದು ಲೇಖಕರಿಗೂ ತಿಳಿದ ಸಂಗತಿಯೇ. ಅದಕ್ಕಾಗಿಯೇ ಅವರು ಕೇಳಲು ಸುಲಭವಾಗಿರಬೇಕು ಎಂದದ್ದು. ಆದರೂ ಅವರ ಸಿದ್ಧಾಂತದಲ್ಲಿ ಕೇಳುವ ಹೊಣೆ ಕಡೆಯವರೆಗೂ ಗಿರಾಕಿಯದೇ. ಕೇಳದವನ ಹಣ ಯಾರದು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ನಮ್ಮ ಆಚಾರ್ಯರು ಆ ಪ್ರಶ್ನೆಯನ್ನು ಎಬ್ಬಿಸಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುವ ಬಗೆ ಅತ್ಯಂತ ಸೂಕ್ಷ್ಮವಾದುದು. ಇಟ್ಟ ಹಣವನ್ನು ಇಲ್ಲವೆನ್ನುವುದು ನೇರವಾದ ವಂಚನೆ. ಅದರ ಮಾತು ಬೇರೆ. ಇಟ್ಟವನಿಗೆ ಎಷ್ಟು ಇಟ್ಟೆನೆಂಬುದು ಮರೆತುಹೋಗಿ, ಅವನು ಕಡಮೆ ಸಂಖ್ಯೆಯನ್ನು ಹೇಳಿ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಒಪ್ಪಿ ಅಷ್ಟನ್ನೇ ಕೊಡುವುದು ನ್ಯಾಸಾಪಹಾರ. ಗಮನಿಸಬೇಕು, ಕೇಳಿದಷ್ಟನ್ನು ಕೊಟ್ಟಿದ್ದಾನೆ, ಗಿರಾಕಿ ತೃಪ್ತನಾಗಿ ಹೋಗಿದ್ದಾನೆ. ಹಾರ್ಟ್ ಅವರ ಐದು ಲಕ್ಷಣಗಳೂ ಪೂರೈಸಿವೆ. ದೋಷ ಮಾತ್ರ ಉಳಿದಿದೆ. ಇನ್ನೊಂದು ಸಂಗತಿಯೆಂದರೆ, ಇದನ್ನು ಅಚೌರ್ಯದ ಅತಿಚಾರಗಳಲ್ಲಿ, ಹೀನಾಧಿಕಮಾನೋನ್ಮಾನದ ಪಕ್ಕದಲ್ಲಿ ಇಡದೆ ಸತ್ಯದ ಅತಿಚಾರಗಳಲ್ಲಿ ಇಟ್ಟಿದ್ದಾರೆ. ದೋಷವಿರುವುದು ಉಳಿದ ಹಣದಲ್ಲಿ ಎನ್ನುವುದಕ್ಕಿಂತ ‘ಅಷ್ಟೇ’ ಎಂಬ ಆ ಒಂದು ಮಾತಿನಲ್ಲಿ.

ನನ್ನ ಬಾಲ್ಯದ ಒಂದು ಪ್ರಸಂಗ ಇಲ್ಲಿ ನೆನಪಿಗೆ ಬರುತ್ತದೆ. ಉತ್ತರ ಕರ್ನಾಟಕದ ಸಣ್ಣ ಪೇಟೆಯೊಂದರಲ್ಲಿ ನಮ್ಮ ತಂದೆಯವರಿಗೂ ದೊಡ್ಡಪ್ಪನವರಿಗೂ ಕೂಡಿ ಒಂದು ಬಟ್ಟೆಯ ಅಂಗಡಿಯಿತ್ತು. ಬಣ್ಣ ಬಿಟ್ಟರೆ ಸೀರೆ ತಿರುಗಿ ತರಬಹುದು ಎಂಬುದು ಅಂಗಡಿಯ ಬಾಯಿಮಾತಿನ ಖಾತರಿ. 1972ರ ಬರಗಾಲದ ವರ್ಷ ಗಾಢ ಕೆಂಪಿನ ನಲವತ್ತು ಸೀರೆಗಳ ಒಂದು ಗಂಟು ಬಂದಿತ್ತು. ಮಾರಿಹೋದ ಮೇಲೆ ಒಂಬತ್ತು ಸೀರೆಗಳು ಬಣ್ಣ ಬಿಟ್ಟು ಹಿಂದಿರುಗಿದವು. ಒಂಬತ್ತಕ್ಕೂ ಹಣ ಕೊಟ್ಟದ್ದಾಯಿತು. ದೊಡ್ಡಪ್ಪನವರು ಕಿರ್ದಿಯಲ್ಲಿ ಬರೆದು ಗೆರೆ ಎಳೆದರು. ಮರುದಿನ ಸಂತೆ. ತಂದೆಯವರು ಬಣ್ಣ ಬಿಟ್ಟ ಸೀರೆಯೊಂದನ್ನು ಅಂಗಡಿಯ ಮುಂದಿನ ಗಳುವಿಗೆ ಎಲ್ಲರಿಗೂ ಕಾಣುವಂತೆ ತೂಗುಹಾಕಿ, ಈ ಬಣ್ಣದ ಸೀರೆ ಒಯ್ದವರೆಲ್ಲ ಬರಬೇಕೆಂದು ಹೋಗಿಬರುವವರಿಗೆಲ್ಲ ಹೇಳುತ್ತ ನಿಂತರು. ಉದ್ರಿ ಒಯ್ದವರ ಹೆಸರು ಖಾತೆಯಲ್ಲಿತ್ತು. ರೊಕ್ಕ ಕೊಟ್ಟು ಒಯ್ದವರ ಹೆಸರು ಎಲ್ಲಿರಬೇಕು? ದೊಡ್ಡಪ್ಪನವರಿಗೆ ಸಿಟ್ಟು ಬಂತು. “ನಮ್ಮ ಅಂಗಡಿ ಮಾನಾನ ನೀನು ಗಳಕ್ಕ ಜೋತು ಹಾಕಿದಿ” ಎಂದರು. ತಂದೆಯವರು, “ಬಂದಾವ್ರು ಒಂಬತ್ತು ಮಂದಿ. ಬರದಾವ್ರ ಸೀರಿ ಬಣ್ಣ ಬಿಡಲಿಲ್ಲ ಅಂತ ಯಾರು ಹೇಳ್ಯಾರ, ಅಣ್ಣಾ?” ಎಂದರು. ಆ ಸಂತೆಯಲ್ಲಿ ಏಳು ಮಂದಿ, ಮುಂದಿನ ಸಂತೆಯಲ್ಲಿ ಐದು ಮಂದಿ ಬಂದರು. ಉಳಿದವರು ಬರಲಿಲ್ಲ. ಬರಗಾಲದಲ್ಲಿ ಕೆಲಸ ಹುಡುಕಿಕೊಂಡು ಊರು ಬಿಟ್ಟವರು ಅವರಲ್ಲಿ ಇದ್ದಿರಬೇಕು. ಆ ವರ್ಷ ಅಂಗಡಿಗೆ ಆದ ನಷ್ಟವನ್ನು ದೊಡ್ಡಪ್ಪನವರು ಬಹುಕಾಲ ಎತ್ತಿ ಆಡುತ್ತಿದ್ದರು. ಇದರಿಂದ ಅಂಗಡಿಯ ಹೆಸರು ಬೆಳೆದು ವ್ಯಾಪಾರ ಹೆಚ್ಚಿತು ಎಂದು ಬರೆಯಲು ನನಗೂ ಆಸೆಯಿದೆ. ಆದರೆ ಹಾಗೇನೂ ಆಗಲಿಲ್ಲ. ವ್ಯಾಪಾರ ಮೊದಲಿದ್ದಷ್ಟೇ ಇತ್ತು.

ಹಾರ್ಟ್ ಅವರ ಲೇಖನಕ್ಕೂ ನಮ್ಮ ಪರಂಪರೆಗೂ ಇರುವ ಅಂತರ ಈ ಕೊನೆಯ ವಾಕ್ಯದಲ್ಲಿ ಇದೆಯೆಂದು ನನ್ನ ಅಭಿಪ್ರಾಯ. ಅವರಲ್ಲಿ ಖಾತರಿಯು ಲಾಭಕ್ಕೆ ಸಾಧನ. ಲಾಭ ನಿಂತರೆ ಖಾತರಿಯೂ ನಿಲ್ಲಬಹುದು. ಇದನ್ನು ನಿಂದೆಯಾಗಿ ಹೇಳುತ್ತಿಲ್ಲ, ವ್ಯಾಪಾರದ ಪತ್ರಿಕೆಯಲ್ಲಿ ವ್ಯಾಪಾರದ ಮಾತನ್ನೇ ಬರೆಯಬೇಕು. ಆದರೆ ಅದನ್ನು ಓದಿ ‘ಪ್ರಾಮಾಣಿಕತೆ ಲಾಭದಾಯಕ’ ಎಂದು ನಮ್ಮ ಸಭೆಗಳಲ್ಲಿ ಭಾಷಣ ಮಾಡುವವರು ಲಾಭದಾಯಕವಲ್ಲದ ದಿನ ಏನು ಮಾಡಬೇಕೆಂಬುದನ್ನೂ ಹೇಳಬೇಕಾಗುತ್ತದೆ.

ಗಿರಾಕಿಯ ಕಡೆಯ ಸತ್ಯವನ್ನೂ ಬಿಡಲಾಗದು. ಅಮೆರಿಕೆಯ ಎಲ್.ಎಲ್. ಬೀನ್ ಸಂಸ್ಥೆಯ ಸ್ಥಾಪಕರು 1912ರಲ್ಲಿ ಮಾರಿದ ಮೊದಲ ನೂರು ಜೊತೆ ಬೂಟುಗಳಲ್ಲಿ ತೊಂಬತ್ತು ಹೊಲಿಗೆ ಬಿಟ್ಟು ಹಿಂದಿರುಗಿದವೆಂದೂ, ಅವರು ಎಲ್ಲರಿಗೂ ಹಣ ಕೊಟ್ಟು ಬೂಟನ್ನು ಸುಧಾರಿಸಿದರೆಂದೂ ಆ ಸಂಸ್ಥೆಯ ಇತಿಹಾಸ ಹೇಳುತ್ತದೆ. ಆ ಮೇಲೆ ನೂರು ವರ್ಷಕ್ಕೂ ಮೀರಿ ಕಾಲಮಿತಿಯಿಲ್ಲದ ಖಾತರಿ ನಡೆಯಿತು. 2018ರ ಫೆಬ್ರವರಿಯಲ್ಲಿ ಅದನ್ನು ಒಂದು ವರ್ಷಕ್ಕೆ ಇಳಿಸಿ, ಖರೀದಿಯ ಪುರಾವೆ ಬೇಕೆಂದು ಸಾರಬೇಕಾಯಿತು. ಹಳೆಯ ಸಾಮಾನಿನ ಮಾರಾಟದಲ್ಲಿ ಕೊಂಡು ತಂದ ಸವೆದ ವಸ್ತುಗಳನ್ನು ಹಿಂದಿರುಗಿಸಿ ಹಣ ಕೇಳುವವರು ಹೆಚ್ಚಿದರು. ಐದು ವರ್ಷಗಳಲ್ಲಿ 25 ಕೋಟಿ ಡಾಲರು ನಷ್ಟವಾಯಿತೆಂದು ಸಂಸ್ಥೆ ಹೇಳಿಕೊಂಡಿತು. ಅಮೆರಿಕೆಯವರನ್ನು ಹಳಿದು ನಾವು ತೃಪ್ತಿಪಡುವಂತಿಲ್ಲ. ಮದುವೆಯ ದಿನ ಉಟ್ಟು, ಮಡಿಕೆ ಸರಿಮಾಡಿ, ಏಳನೆಯ ದಿನ ಹಿಂದಿರುಗಿಸುವ ರೂಢಿ ನಮ್ಮ ಮನೆಗಳಿಗೂ ಬಂದಿದೆ. ಪರ್ಯುಷಣದಲ್ಲಿ ಉಪವಾಸ ಮಾಡಿದ ಮನೆಯಲ್ಲಿಯೂ ಇದನ್ನು ಜಾಣತನವೆಂದು ನಗುತ್ತ ಹೇಳಿದ್ದನ್ನು ಕೇಳಿದ್ದೇನೆ. ಅಂಥ ಒಂದೊಂದು ಜಾಣತನವೂ ಮುಂದೆ ನಿಜವಾಗಿ ಕೇಳಬೇಕಾದವರ ದಾರಿಗೆ ಒಂದೊಂದು ನಿಬಂಧನೆಯಾಗಿ ಬೀಳುತ್ತದೆ.

ಕಾನೂನಿನ ಮಾತು ಸಂಕ್ಷೇಪವಾಗಿ. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಸ್ಥಾನದಲ್ಲಿ ಬಂದು 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಅಧಿನಿಯಮವು, ತಕ್ಕ ಪರೀಕ್ಷೆಯಿಲ್ಲದೆ ವಸ್ತುವಿನ ಬಾಳಿಕೆಯ ಖಾತರಿ ಕೊಡುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಎಣಿಸುತ್ತದೆ. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ ಮೂವತ್ತು ದಿನಗಳಲ್ಲಿ, ಹಿಂಪಡೆಯಲು ನಿರಾಕರಿಸುವುದೂ ಹಾಗೆಯೇ. ‘ಮಾರಿದ ಸಾಮಾನು ವಾಪಸು ಇಲ್ಲ’ ಎಂಬ ಹಲಗೆ ಇನ್ನೂ ತೂಗುತ್ತಿರುವ ಅಂಗಡಿಗಳಲ್ಲಿ ನಮ್ಮವರವೂ ಇವೆ.

ಟ್ರಸ್ಟುಗಳ ಹೊಣೆ ಹೊತ್ತವರಿಗಾಗಿ ಇನ್ನೆರಡು ಮಾತು. ನಾನು ಸದಸ್ಯನಾಗಿರುವ ಬಸದಿಯೊಂದರ ಮರದ ತೊಲೆಗಳಿಗೆ ಗೆದ್ದಲು ಹತ್ತದಂತೆ ಉಪಚಾರ ಮಾಡಿದ ಸಂಸ್ಥೆಯೊಂದು ಹತ್ತು ವರ್ಷಗಳ ಖಾತರಿಪತ್ರ ಕೊಟ್ಟಿತ್ತು. ನಾಲ್ಕನೆಯ ವರ್ಷ ಗೆದ್ದಲು ಕಂಡಿತು. ಪತ್ರದ ಹಿಂಬದಿಯ ಸಣ್ಣಕ್ಷರದಲ್ಲಿ, ಕಟ್ಟಡದಲ್ಲಿ ಯಾವುದೇ ದುರಸ್ತಿ ನಡೆದರೆ ಖಾತರಿ ರದ್ದಾಗುವುದೆಂದು ಇದ್ದಿತು. ನಾವು ನಡುವೆ ಸವೆದ ಹೊಸ್ತಿಲೊಂದನ್ನು ಬದಲಾಯಿಸಿದ್ದೆವು. ಆಡಳಿತ ಮಂಡಲಿಯಲ್ಲಿ ಎಲ್ಲರೂ ಆ ಸಂಸ್ಥೆಯ ಮೋಸವನ್ನು ಕುರಿತು ಒಂದು ಗಂಟೆ ಮಾತನಾಡಿದೆವು. ನಾನೂ ಮಾತನಾಡಿದೆ, ಹಾರ್ಟ್ ಅವರ ಮೊದಲನೆಯ ಲಕ್ಷಣವನ್ನೂ ಉದಾಹರಿಸಿದೆ.

ಅದೇ ಸಭೆಯ ಮುಂದಿನ ವಿಷಯ ಶಾಶ್ವತ ಪೂಜಾನಿಧಿ. 1990ರ ದಶಕದಲ್ಲಿ 1,001 ರೂಪಾಯಿ ಕೊಟ್ಟವರ ಹೆಸರಿನಲ್ಲಿ ಅವರು ಹೇಳಿದ ತಿಥಿಯಂದು ಪ್ರತಿವರ್ಷ ಅಭಿಷೇಕ ನಡೆಸುವುದಾಗಿ ನಮ್ಮ ಬಸದಿಯವರು ಮುದ್ರಿತ ರಸೀದಿ ಕೊಟ್ಟಿದ್ದಾರೆ. ಕಾಲಮಿತಿಯಿಲ್ಲ, ನಿಬಂಧನೆಯಿಲ್ಲ, ಹಿಂಬದಿಯಲ್ಲಿ ಸಣ್ಣಕ್ಷರವೂ ಇಲ್ಲ. ಬೂಟಿನ ವ್ಯಾಪಾರಿಯ ಖಾತರಿಗಿಂತ ದೊಡ್ಡ ಖಾತರಿ ಇದು. ಆಗ ಬ್ಯಾಂಕಿನ ಠೇವಣಿಗೆ ನೂರಕ್ಕೆ ಹನ್ನೆರಡರ ಆಸುಪಾಸು ಬಡ್ಡಿ ಬರುತ್ತಿತ್ತು. ವರ್ಷಕ್ಕೆ ನೂರಿಪ್ಪತ್ತು ರೂಪಾಯಿಯಲ್ಲಿ ಹಾಲು, ಎಳನೀರು, ಹೂವು ಸಾಗುತ್ತಿತ್ತು. ಈಗ ಬಡ್ಡಿ ಹೆಚ್ಚುಕಡಮೆ ಅರ್ಧಕ್ಕೆ ಇಳಿದಿದೆ, ಎಳನೀರಿನ ಬೆಲೆ ಎಲ್ಲರಿಗೂ ಗೊತ್ತು. ಆದುದರಿಂದ ಕೆಲವು ವರ್ಷಗಳಿಂದ ತಿಂಗಳಿಗೊಂದು ದಿನ ಒಂದೇ ಅಭಿಷೇಕ ಮಾಡಿ, ಆ ತಿಂಗಳ ಹೆಸರುಗಳನ್ನೆಲ್ಲ ಒಟ್ಟಿಗೆ ಓದಿ ಮುಗಿಸುತ್ತಿದ್ದೇವೆ. ಬೇರೆ ದಾರಿಯಿರಲಿಲ್ಲ ಎಂಬುದು ನಿಜ. ಕೊಟ್ಟವರಿಗೆ ತಿಳಿಸಲಿಲ್ಲ ಎಂಬುದೂ ನಿಜ. ಅವರಲ್ಲಿ ಬಹುಮಂದಿ ಈಗಿಲ್ಲ. ಮಕ್ಕಳು ಪುಣೆ, ಮುಂಬಯಿ, ಇನ್ನೂ ದೂರ. ಯಾರೂ ಕೇಳಿಲ್ಲ.

ಎಲ್ಲ ಕುಟುಂಬಗಳಿಗೂ ಪತ್ರ ಬರೆದು ಇದ್ದ ಸಂಗತಿಯನ್ನು ತಿಳಿಸಬೇಕು, ಒಟ್ಟು ಪೂಜೆಗೆ ಒಪ್ಪುವರೋ, ಬೇರೆ ವ್ಯವಸ್ಥೆ ಬಯಸುವರೋ ಕೇಳಬೇಕು ಎಂದು ನಾನು ಸೂಚಿಸಿದೆ. ಹಿರಿಯ ಸದಸ್ಯರೊಬ್ಬರು, ಹಾಗೆ ಬರೆದರೆ ಬಸದಿಯ ಮೇಲಿನ ನಂಬಿಕೆಯೇ ಹೋಗುವುದೆಂದೂ, ಕೇಳದವರನ್ನು ಎಬ್ಬಿಸಿ ಕೇಳಿಸುವುದು ವ್ಯವಹಾರಜ್ಞಾನವಲ್ಲವೆಂದೂ ಹೇಳಿದರು. ಅವರ ದನಿಯಲ್ಲಿ ನನಗೆ ದೊಡ್ಡಪ್ಪನವರ ದನಿ ಕೇಳಿಸಿತು. ಅವರು ಬಸದಿಗಾಗಿ ನನಗಿಂತ ಹೆಚ್ಚು ದುಡಿದವರೆಂಬುದನ್ನೂ ಹೇಳಬೇಕು. ತೀರ್ಮಾನವನ್ನು ಚಾತುರ್ಮಾಸದ ಸಭೆಗೆ ಮುಂದೂಡಲಾಗಿದೆ. ಈ ನಡುವೆ ಕಾರ್ಯದರ್ಶಿಗಳು ಹಳೆಯ ರಸೀದಿಪುಸ್ತಕಗಳಿಂದ 186 ಹೆಸರುಗಳನ್ನು ಇಳಿಸಿಕೊಂಡಿದ್ದಾರೆ. ಅವುಗಳಲ್ಲಿ 61 ಮನೆಗಳ ವಿಳಾಸ ಇದುವರೆಗೆ ಸಿಕ್ಕಿದೆ.